ಬರಿಗಲ್ಲಿನಲ್ಲಿ ಸಿಕ್ಕ ಕೈ

ಪವಾಡದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಸಹನೆ. ಎಷ್ಟು ಗಂಟೆಗೆ, ಎಲ್ಲಿ, ಜೊತೆಯಲ್ಲಿ ಯಾರಿದ್ದರು ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಬೇಕಾಗಿದೆ.

ಎಪ್ಪತ್ತರ ದಶಕದ ಕೊನೆ. ದಬ್ಬೇಘಟ್ಟದ ಹತ್ತಿರದ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದೆ. ಪಕ್ಕದ ಮನೆಯ ಗಂಗಣ್ಣ ತೋಟದಲ್ಲಿ ಪಂಪ್‌ಸೆಟ್ ಮನೆ ಕಟ್ಟಿಸುತ್ತಿದ್ದ. ಮನೆಯ ಹಿತ್ತಿಲಲ್ಲಿ ತೆಂಗಿನಕಾಯಿ ಸುಲಿಯುವ ಜಾಗದಲ್ಲಿ ತಲೆಮಾರಿನಿಂದ ಬಿದ್ದಿದ್ದ ಚಪ್ಪಡಿಯನ್ನು ಎರಡು ತುಂಡು ಮಾಡಿಸಿ ಆ ಪಂಪ್‌ಸೆಟ್ ಮನೆಗೆ ಮೆಟ್ಟಿಲು ಹಾಕಿಸುವ ಯೋಚನೆ ಅವನದು. ಹಳೆಯ ಕಲ್ಲು ಒಡೆಯುವ ಮುನ್ನ ಓದಿದವರೊಬ್ಬರಿಗೆ ತೋರಿಸುವುದು ಆ ಊರಿನ ವಾಡಿಕೆ. ಅಕ್ಷರವೋ ಚಿತ್ರವೋ ಇದ್ದರೆ ಯಾರೂ ಸುತ್ತಿಗೆ ಎತ್ತುತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಹೋಗಿ, ನೀರು ಹೊಯ್ದು ಉಜ್ಜಿಸಿ, ಸುತ್ತಲೂ ಬಗ್ಗಿ ನೋಡಿದೆ. ನುಣುಪಾದ ಬರಿಗಲ್ಲು. "ಏನೂ ಇಲ್ಲ, ಒಡೀಬಹುದು" ಎಂದೆ. ಕಲ್ಲು ಒಡೆಯುವ ನಂಜಪ್ಪ ಗೆರೆ ಎಳೆದ.

ಗಂಗಣ್ಣನ ತಾಯಿ ಕೆಂಪಮ್ಮನವರಿಗೆ ಕಣ್ಣು ಹೋಗಿ ವರ್ಷಗಳಾಗಿದ್ದವು. ಅಟ್ಟದಿಂದ ಇಳಿಸಿದ ಕಾಯಿಗಳನ್ನು ಸವರಿ, ಅಲ್ಲಾಡಿಸಿ, ಕೊಬ್ಬರಿಯಾದದ್ದನ್ನೂ ಕೆಟ್ಟದ್ದನ್ನೂ ಬೇರೆ ಮಾಡುವುದು ಆಗಲೂ ಅವರದೇ ಕೆಲಸ. ಗೋಡೆ ಹಿಡಿದು ಬಂದು ಕಲ್ಲಿನ ಮೇಲೆ ಕೂತವರು ಅಂಗೈ ಆಡಿಸಿದರು.

"ಒಡೀಬ್ಯಾಡ್ರೋ. ಇಲ್ಲಿ ಹೆಣ್ಣಿನ ಕೈ ಐತೆ."

"ನಿನ್ ಕೈನೇ ಇರ್ಬೇಕು ಕಣವ್ವ. ಮೇಷ್ಟ್ರು ನೋಡವ್ರೆ, ಬುಡು" ಎಂದ ಗಂಗಣ್ಣ.

"ನೋಡವ್ರೆ, ಮುಟ್ಟಿಲ್ಲ ಕಣ್ಲಾ. ಬಾರಪ್ಪ ಮೇಷ್ಟ್ರೇ, ಕೈ ಕೊಡು."

ನಗು ತಡೆದುಕೊಂಡು ಕೊಟ್ಟೆ. ಅವರು ನನ್ನ ಬೆರಳುಗಳನ್ನು ಕಲ್ಲಿನ ನಡುವೆ ಒತ್ತಿದರು. ಮಡಿಸಿ ಮೇಲೆತ್ತಿದ ತೋಳು ಸಿಕ್ಕಿತು. ಮುಂಗೈಯಲ್ಲಿ ಐದು ಬಳೆ, ಮೂರನೆಯದರ ಅಂಚು ಮುಕ್ಕು. ಬೆರಳುಗಳ ನಡುವೆ ಒಂದು ನಿಂಬೆಹಣ್ಣು. ಕಣ್ಣಿಗೆ ಮಾತ್ರ ಅದೇ ನುಣುಪು ಕಲ್ಲು. ಕೈಯೆತ್ತಿ ಮತ್ತೆ ಇಟ್ಟಾಗ ಬೆರಳಿಗೂ ಬರೀ ನುಣುಪೇ ಸಿಕ್ಕಿತು.

"ನಾನು ಹೇಳಿದ್ದು ವಾಪಸ್. ಮಗುಚಿ ನೋಡೋಣ" ಎಂದೆ.

"ನನ್ ಅರ್ಧ ದಿನ ಹೋಯ್ತು" ಎಂದು ನಂಜಪ್ಪ ಗೊಣಗಿದ.

ನಾಲ್ವರು ಹಾರೆ ಹಾಕಿ ಮಗುಚಿದರು. ಮಣ್ಣು ಕೆರೆದಾಗ ಕೆಳಮುಖದಲ್ಲಿ ಆ ಕೈ ಇತ್ತು. ಗಂಡನ ಚಿತೆಯೇರಿದವಳ ನೆನಪಿಗೆ ಹಿಂದೆ ನಿಲ್ಲಿಸುತ್ತಿದ್ದ ಮಾಸ್ತಿಕಲ್ಲು ಅದು. ಬಳೆ ಐದು, ಮೂರನೆಯದು ಮುಕ್ಕು, ನಿಂಬೆಹಣ್ಣು. ನಂಜಪ್ಪ ಎಳೆದಿದ್ದ ಗೆರೆಯಲ್ಲಿ ಒಡೆದಿದ್ದರೆ ಮೊಣಕೈಯೇ ಸೀಳುತ್ತಿತ್ತು. ಅವನು ಉಳಿ ಕೆಳಗಿಟ್ಟು ಕೈಮುಗಿದ.

ಕೆಂಪಮ್ಮ ಸೊಸೆಯಾಗಿ ಬಂದಾಗಲೂ ಕಲ್ಲು ಬೋರಲಾಗಿಯೇ ಬಿದ್ದಿತ್ತಂತೆ. ಅತ್ತೆಯ ಬಾಯಲ್ಲಿ ಎಂದೋ ಕೇಳಿದ್ದಿರಬಹುದು. ಅವರಿಗೆ ಗೊತ್ತಾದದ್ದಕ್ಕೆ ಅದು ಕಾರಣವಾದೀತು, ನನ್ನ ಬೆರಳಿಗೆ ಸಿಕ್ಕಿದ್ದಕ್ಕಲ್ಲ. ಕಲ್ಲು ಒಂದು ಗೇಣು ದಪ್ಪವಿತ್ತು. ಕಲ್ಲನ್ನು ಅಲ್ಲೇ ನೆಟ್ಟು ನಿಲ್ಲಿಸಿದ ಮೇಲೆ ಎಷ್ಟೋ ಸಲ ಒಬ್ಬನೇ ಹೋಗಿ ಆ ನುಣುಪು ಬೆನ್ನನ್ನು ಸವರಿದ್ದೇನೆ. ಏನೂ ಸಿಕ್ಕಿಲ್ಲ. ಕೆಂಪಮ್ಮನವರನ್ನೇ ಕೇಳಿದ್ದಕ್ಕೆ, "ನಂಗೇನ್ ಗೊತ್ತಪ್ಪ? ಸಿಕ್ತು, ಹೇಳ್ದೆ" ಎಂದಷ್ಟೇ ಹೇಳಿ ಕಾಯಿ ಆರಿಸತೊಡಗಿದರು.

ಯಾವ ಹೆಣ್ಣೋ, ಹೆಸರೂ ಇಲ್ಲ. ನನ್ನ ಒಂದು ಮಾತಿಗೆ ಅವಳ ಕೈ ತುಂಡಾಗಿ ಜನ ತುಳಿಯುವ ಮೆಟ್ಟಿಲಾಗುತ್ತಿತ್ತು. ಹಾಗಾಗದಂತೆ ನನ್ನ ಕೈ ಹಿಡಿದುಕೊಂಡ ಕೆಂಪಮ್ಮನವರನ್ನು ಇಂದಿಗೂ ನೆನೆಯುತ್ತೇನೆ. ಹಿಡಿದದ್ದು ಅವರೊಬ್ಬರೇ ಎಂದು ಮಾತ್ರ ಖಚಿತವಾಗಿ ಹೇಳಲಾರೆ.