ಪಾರುವಿನ ದವಡೆ ಹಲ್ಲು

ರೊಟ್ಟಿ ಕಚ್ಚಿದ ಪಾರು ಚೀರಿದಳು. ಆರು ವರ್ಷದ ನನ್ನ ಮಗಳು. ಮರುದಿನ ಕೆನ್ನೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು.

ಜಹೀರಾಬಾದಿನ ಒಂದು ಕ್ಲಿನಿಕ್ಕಿಗೆ ಕರೆದೊಯ್ದೆವು. ನಾಲ್ಕು ಹಾಲುಹಲ್ಲು ಕೊಳೆತಿವೆ, ಈಗಲೇ ಕೀಳಬೇಕೆಂದರು. ಇಂಜೆಕ್ಷನ್ ಕಂಡದ್ದೇ ಅವಳು ಒದೆಯತೊಡಗಿದಳು. ಗಂಡ ಕಾಲು ಅದುಮಿದರು. ನಾನು ಎದೆಯ ಮೇಲೆ ಬಾಗಿ ಕೈ ಹಿಡಿದೆ. ಡಾಕ್ಟರ ಬೆರಳು ಕಚ್ಚಿದಳು. ತಲೆ ಎತ್ತಿ ನನ್ನ ಮೂಗಿಗೆ ಗುದ್ದಿದಳು. ನನ್ನ ರಕ್ತ ಅವಳ ಅಂಗಿಯ ಮೇಲೆ ಸುರಿಯಿತು.

ನಾನು ಹೊಡೆದೆ.

ಊದಿದ ಕೆನ್ನೆಗೇ.

ಅವಳು ಸುಮ್ಮನಾದಳು. ಹಲ್ಲು ಕಿತ್ತರು.

ಆಮೇಲೆ ಬ್ರಷ್ ಕಂಡರೆ ತನ್ನ ತೋಳನ್ನೇ ಕಚ್ಚಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಹಿತ್ತಾಳೆ ಚೊಂಬು ಎಸೆದು ನನ್ನ ಹುಬ್ಬು ಸೀಳಿದಳು. ನಾನು ಕಲಿಸುವ ಕೊಹೀರಿನ ಶಾಲೆಯಲ್ಲಿ, ಜಾರಿ ಬಿದ್ದೆ ಎಂದೆ. ಊರ ಮಕ್ಕಳಿಗೆಲ್ಲ ಹಲ್ಲುಜ್ಜುವ ಪಾಠ ಹೇಳುವವಳು ನಾನು. ಸಂಜೆ ತಡವಾಗಿ ಮನೆಗೆ ಬರುವ ತಪ್ಪಿಗೆ ದಿನಾ ಅವಳ ಕೈಗೆ ಚಾಕೊಲೇಟ್ ಇಡುತ್ತಿದ್ದವಳೂ ನಾನೇ.

ಮರುವರ್ಷ ದವಡೆಯ ಹೊಸ ಹಲ್ಲು ಬಂದವು. ಅವುಗಳ ಮೇಲೆ ಸುಣ್ಣದಂಥ ಬಿಳಿ ಕಲೆ.

ನನ್ನ ಅಕ್ಕ ಇರುವ ತಾಂಡೂರಿನಲ್ಲಿ ಮಕ್ಕಳ ಹಲ್ಲಿನ ಡಾಕ್ಟರಮ್ಮ ಒಬ್ಬರಿಗೆ ತೋರಿಸಿದೆ. ಇದು ಹುಳುಕಿನ ಮೊದಲ ಗುರುತು, ಇನ್ನೂ ತೂತು ಬಿದ್ದಿಲ್ಲ ಎಂದರು. ಫ್ಲೋರೈಡ್ ಹಚ್ಚಿ ಲೇಸರ್ ಬೆಳಕು ಹಾಯಿಸಿದರೆ, ಸಿಹಿ ತಿಂದಾಗ ಬಾಯಲ್ಲಿ ಹುಟ್ಟುವ ಹುಳಿಗೆ ಹಲ್ಲಿನ ಮೇಲ್ಪದರ ಅಷ್ಟು ಸುಲಭವಾಗಿ ಕರಗುವುದಿಲ್ಲವಂತೆ.

"ಗ್ಯಾರಂಟಿ ಕೊಡಂಗಿಲ್ಲರಿ. ಬ್ರಷ್ ಮಾಡೂದು, ಸಿಹಿ ಕಡಿಮಿ ಮಾಡೂದು ತಪ್ಪಂಗಿಲ್ಲ."

ಪಾರು ಕುರ್ಚಿ ಏರಿದಳು. ನಾನು ಅಭ್ಯಾಸದಿಂದ ಅವಳ ಮಣಿಕಟ್ಟು ಹಿಡಿದೆ.

"ಕೈ ಬಿಡ್ರಿ," ಎಂದರು ಡಾಕ್ಟರ್. "ಹಿಡಿದ್ರ ನಾ ಮಾಡಂಗಿಲ್ಲ."

ಪಾರು ಅವರನ್ನೇ ನೋಡುತ್ತ ಹೇಳಿದಳು: "ಅವ್ವ ಹೊರಗ ಹೋಗ್ಲಿ."

ಹೋದೆ. ಬಾಗಿಲಾಚೆ ನಿಂತು ಚೀರಾಟಕ್ಕಾಗಿ ಕಾದೆ. ಯಂತ್ರದ ಸಣ್ಣ ಟಿಕ್ ಟಿಕ್ ಮಾತ್ರ ಕೇಳಿಸಿತು. ಲೇಸರಿಗೆಂದು ಹಾಕಿದ್ದ ಕರಿ ಕನ್ನಡಕವನ್ನು ಹಣೆಗೇರಿಸಿಕೊಂಡು ಹೊರಬಂದ ಪಾರು, ಸ್ವಲ್ಪ ಹೊತ್ತು ಏನೂ ತಿನ್ನಬಾರದಂತೆ ಎಂದು ನನಗೇ ತಾಕೀತು ಮಾಡಿದಳು.

ಬಸ್ಸಿನಲ್ಲಿ ಬಾಯಿಬಿಟ್ಟು ಹೇಳಿದೆ: "ಅವತ್ತು ನಿನಗ ಹೊಡದಿದ್ದು ನಂದು ತಪ್ಪಾತು."

"ಹೌದು," ಎಂದಳು.

ಕಿಟಕಿಯತ್ತ ತಿರುಗಿದಳು.

ಮೊನ್ನೆ ಮತ್ತೆ ತೋರಿಸಿಕೊಂಡು ಬಂದೆವು. ಕಲೆಗಳು ಹಬ್ಬಿಲ್ಲ. ಒಂದು ಹಲ್ಲಿನ ಮೇಲೆ ಮಾತ್ರ ಡಾಕ್ಟರು ಕಣ್ಣಿಟ್ಟಿದ್ದಾರೆ. ಅದೂ ಉಳಿಯಲಿ ಎಂದು ಬೇಡುತ್ತೇನೆ. ಪಾರು ಈಗ ತಾನೇ ಹಲ್ಲುಜ್ಜುತ್ತಾಳೆ. ಹಿಂದಿನ ಹಲ್ಲಿಗೆ ಮಾತ್ರ ಬ್ರಷ್ ನನ್ನ ಕೈಗೆ ಕೊಡುತ್ತಾಳೆ. ಅವಳು "ಸಾಕು" ಅಂದರೆ, ಇನ್ನೂ ಉಜ್ಜುವುದಿದ್ದರೂ, ನಿಲ್ಲಿಸುತ್ತೇನೆ.