ಅಕ್ಕನಿಗೆ ಚುಚ್ಚುಮದ್ದು, ನನಗೆ ಜ್ವರ

ನಾನು ತುಮಕೂರಿನ ಲ್ಯಾಬೊಂದರಲ್ಲಿ ರಕ್ತಪರೀಕ್ಷೆ ಮಾಡುವವನು. ದೆವ್ವ, ಶಕುನ ಎಂದವರನ್ನು ಗೇಲಿ ಮಾಡಿಯೇ ಅರ್ಧ ಆಯಸ್ಸು ಕಳೆದವನು. ಅಂಥವನೇ ಇದನ್ನು ಬರೆಯುತ್ತಿದ್ದೇನೆ, ನಗುವುದಾದರೆ ನಕ್ಕುಬಿಡಿ.

ನನ್ನಕ್ಕ ಗಿರಿಜಾ ಗುಬ್ಬಿ ಕಡೆಯ ಕಡಬದಲ್ಲಿ ಅಂಗನವಾಡಿ ಟೀಚರ್ ಆಗಿದ್ದಳು. ಅವಳಿಗೆ ಕೀಲುವಾತ. ಮೈಯೇ ತನ್ನ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಅದನ್ನು ಅಡಗಿಸುವ ಮಾತ್ರೆ ರೋಗ ತಡೆಯುವ ಶಕ್ತಿಯನ್ನೂ ಅಡಗಿಸುತ್ತದೆ. ಹಾಗಾಗಿ ಕೋವಿಡ್ ಲಸಿಕೆ ಎರಡು ಸಲ ಹಾಕಿಸಿಕೊಂಡರೂ ಅವಳ ರಕ್ತದಲ್ಲಿ ವೈರಸ್ಸನ್ನು ಎದುರಿಸುವ ಪ್ರತಿಕಾಯ ಹುಟ್ಟಲಿಲ್ಲ. ಹುಟ್ಟುವ ತನಕ ಮಕ್ಕಳ ನಡುವೆ ಹೋಗಲೇಕೂಡದು ಎಂದರು ಡಾಕ್ಟರು. ಸ್ವಂತ ಮಕ್ಕಳಿಲ್ಲದ ಅಕ್ಕನಿಗೆ ಅಂಗನವಾಡಿ ಬಿಟ್ಟರೆ ಬೇರೇನೂ ಇರಲಿಲ್ಲ.

ಮೂರನೆಯ ಡೋಸಿಗೆ ಎರಡು ವಾರ ಮಾತ್ರೆ ನಿಲ್ಲಿಸಿ ನೋಡೋಣ ಎಂದರು. ನಾನೇ ಗುಬ್ಬಿಗೆ ಕರೆದೊಯ್ದು ಅವಳ ಎಡತೋಳಿಗೆ ಹಾಕಿಸಿದೆ. ಮನೆಗೆ ಬಂದವಳೇ ಥರ್ಮಾಮೀಟರ್ ಹಿಡಿದು ಕೂತಳು. "ಜ್ವರ ಬಂದ್ರೆ ಹೆದ್ರಬ್ಯಾಡಿ, ಚುಚ್ಚುಮದ್ದು ಹಿಡೀತು ಅಂತ" ಎಂದು ಊರಿನ ತಾಯಂದಿರಿಗೆಲ್ಲ ಹೇಳುತ್ತಾ ಬಂದವಳು ಅವಳು. ಜ್ವರಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ನಾನೆಷ್ಟು ಬಡಿದುಕೊಂಡರೂ ಕೇಳಲಿಲ್ಲ.

ಸಂಜೆ ಕಾಫಿ ಕುಡಿಯುತ್ತಿದ್ದಾಗ ಚಳಿ ಹತ್ತಿದ್ದು ನನಗೆ. ಮೈ ಕೆಂಡವಾಯಿತು. ಅಂಗಿ ಬಿಚ್ಚಿದರೆ ಎಡತೋಳು ಊದಿ ಕೆಂಪಾಗಿತ್ತು, ನಡುವೆ ಸೂಜಿಮೊನೆಯಷ್ಟು ಚುಕ್ಕೆ. ಆ ದಿನ ನಾನು ಯಾವ ಚುಚ್ಚುಮದ್ದೂ ಹಾಕಿಸಿಕೊಂಡಿರಲಿಲ್ಲ. ಅಕ್ಕನ ತೋಳು ನೋಡಿದೆ. ಗುರುತೇ ಇರಲಿಲ್ಲ!

ಅವಳು ಥರ್ಮಾಮೀಟರನ್ನು ನನ್ನ ಕಂಕುಳಲ್ಲಿಟ್ಟು ನೋಡಿದಳು. ನೂರಾ ಎರಡು.

"ಬುಡು, ನಿಂಗಾದ್ರೂ ಹಿಡೀತಲ್ಲ ಕಣೋ" ಎಂದಳು. ನನಗೆ ಅಳು ಬಂತು.

ಬೆಳಗಾಗುವಷ್ಟರಲ್ಲಿ ನನ್ನ ಜ್ವರ ಇಳಿದಿತ್ತು. ಮಾತ್ರೆ ಬಿಟ್ಟಿದ್ದಕ್ಕೆ ಅಕ್ಕನ ಬೆರಳುಗಳು ಊದಿಕೊಂಡವು, ಲೋಟ ಹಿಡಿಯಲೂ ಆಗಲಿಲ್ಲ. ಮತ್ತೆ ಮಾತ್ರೆ ಶುರು ಮಾಡಿದರೂ ಊತ ಬೇಗ ಇಳಿಯಲಿಲ್ಲ. ತಿಂಗಳ ನಂತರ ಅವಳ ರಕ್ತವನ್ನು ಮೂರು ಸಲ ಪರೀಕ್ಷಿಸಿದೆ. ಮೂರು ಸಲವೂ ಏನೂ ಇರಲಿಲ್ಲ. ರಾಜೀನಾಮೆಯನ್ನು ನಾನೇ ಬರೆದೆ. ಊರ ಮಕ್ಕಳಿಗೆಲ್ಲ ಅಕ್ಷರ ತಿದ್ದಿಸಿದವಳು ಕೆಳಗೆ ಹೆಬ್ಬೆಟ್ಟು ಒತ್ತಿದಳು.

ನನ್ನ ತೋಳಿಗೆ ಏನೋ ಹುಳ ಕಚ್ಚಿರಬೇಕು ಎಂದರು ಡಾಕ್ಟರು. ಇರಬಹುದು. ಅವಳ ನೋವಿನಲ್ಲಿ ಒಂದು ದಿನವೂ ಪಾಲು ಪಡೆಯದ ನನ್ನ ಮೈ, ಅವಳು ಕಾದು ಕೂತಿದ್ದ ಅದೊಂದು ಜ್ವರವನ್ನು ಮಾತ್ರ ಯಾಕೆ ಕಿತ್ತುಕೊಂಡಿತೋ, ನನಗೆ ಇವತ್ತಿಗೂ ತಿಳಿದಿಲ್ಲ.