ದಾರಪ್ಪನ ಕೆಮ್ಮು

ಪುಸ್ತಕಗಳಿಗೆ ಬೈಂಡ್ ಹಾಕುವ ಆ ಮಹಾಶಯರನ್ನು ಬೀದಿಯವರೆಲ್ಲ ದಾರಪ್ಪ ಎಂದೇ ಕರೆಯುತ್ತಿದ್ದರು. ಹೊಲಿಗೆಯಿಲ್ಲದ ಪುಸ್ತಕ ಕಂಡರೆ ಅವರಿಗೆ ಮೈಯೆಲ್ಲ ಉರಿ. ಯಾರದಾದರೂ ಮನೆಗೆ ಹೋದರೆ ಕಪಾಟಿನಿಂದ ಒಂದನ್ನು ಎಳೆದು, ಅದರ ಬೆನ್ನು ಬಗ್ಗಿಸಿ, ನಾಲ್ಕು ಹಾಳೆ ಉದುರಿಸಿ, "ನೋಡಿ, ಅಂಟಿನ ಹಣೆಬರಹ!" ಎಂದು ತೋರಿಸಿ ಬರುವರು. ಹಾಳಾದದ್ದು ಪಾಪ ಆ ಮನೆಯವರ ಪುಸ್ತಕ ಎಂಬ ಸಣ್ಣ ವಿಷಯ ಅವರ ತಲೆಗೆ ಹೋಗುತ್ತಿರಲಿಲ್ಲ. ಒಡಹುಟ್ಟಿದ ತಮ್ಮ ಎದುರು ಸಾಲಿನಲ್ಲೇ ಪುಸ್ತಕಕ್ಕೆ ಅಂಟು ಹಾಕುವ ಯಂತ್ರ ತಂದಿಟ್ಟ ದಿನ, "ಇನ್ನು ನನ್ನ ಹೊಸ್ತಿಲು ತುಳೀಬೇಡ" ಎಂದರು. ತಮ್ಮನೂ ತುಳಿಯಲಿಲ್ಲ. ಅತ್ತಿಗೆ ಮಾತ್ರ ಗಂಡನ ಕಣ್ಣು ತಪ್ಪಿಸಿ ಕಿಟಕಿಯಿಂದ ಮೈದುನನನ್ನು ಮಾತಾಡಿಸುತ್ತಿದ್ದರು.

ಹೀಗಿರುವಾಗ ದಾರಪ್ಪನವರ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಉಬ್ಬಿ, ಇನ್ನೇನು ಒಡೆಯುವಂತಾಯಿತು. ಆಸ್ಪತ್ರೆಯಲ್ಲಿ ಎದೆ ತೆರೆದು, ಕೆಟ್ಟ ಭಾಗ ಕತ್ತರಿಸಿ, ಅಲ್ಲಿಗೆ ಬಟ್ಟೆಯ ಕೊಳವೆ ಜೋಡಿಸಿದರು. ಎಚ್ಚರವಾದ ಮೇಲೆ ದಾರಪ್ಪ ಕೇಳಿದ ಮೊದಲ ಪ್ರಶ್ನೆ, ಹೆಂಡತಿ ಊಟ ಮಾಡಿದಳೇ ಎಂದಲ್ಲ.

"ಡಾಕ್ಟ್ರೇ, ಹೊಲಿಗೆ ತಾನೇ?"

ಡಾಕ್ಟರ್ ಸತ್ಯ ಹೇಳಿ ಕೆಟ್ಟರು. "ಹೊಲಿಗೇನೇ. ಆದ್ರೆ ಸೂಜಿ ತೂತುಗಳಲ್ಲಿ ರಕ್ತ ಜಿನುಗ್ತಿತ್ತು. ಅದಕ್ಕೇ ಮೇಲೊಂದು ಪದರ ಅಂಟು ಹಾಕಿದ್ವಿ."

"ಅಂಟಾ?"

ಅಲ್ಲಿಂದ ಶುರುವಾಯಿತು. ಅಂಟಿನ ಪುಸ್ತಕ ಪೂರ್ತಿ ತೆರೆದರೆ ಬೆನ್ನು ಬಿರಿಯುತ್ತದೆ. ಆದ್ದರಿಂದ ದಾರಪ್ಪ ಎದೆ ತುಂಬ ಉಸಿರೆಳೆಯಲೊಲ್ಲರು. ಸೆಕೆಗೆ ಅಂಟು ಸಡಿಲವಾಗುತ್ತದೆ. ಆದ್ದರಿಂದ ಹೊದಿಕೆ ಬೇಡ, ಫ್ಯಾನ್ ನಿಲ್ಲಕೂಡದು. ಕೆಮ್ಮಂತೂ ದೂರದ ಮಾತು. ನರ್ಸಮ್ಮ ದಿಂಬು ಕೊಟ್ಟು, "ಇದನ್ನ ಎದೆಗೆ ಒತ್ತಿ ಹಿಡ್ಕೊಂಡು ಜೋರಾಗಿ ಕೆಮ್ಮಿ, ಕಫ ಹೊರಗೆ ಬರ್ಬೇಕು" ಎಂದರೆ, ಇವರು ತುಟಿ ಬಿಗಿದು ಗೋಡೆ ನೋಡುವರು. ಸಂಜೆಯ ಹೊತ್ತಿಗೆ ಜ್ವರ ಏರಿತು.

"ಹೀಗೇ ಇದ್ರೆ ಮತ್ತೆ ಉಸಿರಾಟದ ಮಷೀನಿಗೆ ಹಾಕ್ಬೇಕಾಗುತ್ತೆ. ಆಮೇಲೆ ನಾನೇನೂ ಭರವಸೆ ಕೊಡೋಕಾಗಲ್ಲ" ಎಂದರು ಡಾಕ್ಟರ್.

ಹೆಂಡತಿ ಅತ್ತರು, ಬೈದರು. "ನೀವೂ ಹೊಲಿದ ಮೇಲೆ ಪುಸ್ತಕದ ಬೆನ್ನಿಗೆ ಅಂಟು ಸವರ್ತೀರಲ್ರೀ!"

"ಅದು ನಾನು ಸವರೋದು" ಎಂದು ಪಿಸುಗುಟ್ಟಿದರು ದಾರಪ್ಪ.

ಈ ಜಂಬಕ್ಕೆ ಆಸ್ಪತ್ರೆಯಲ್ಲಿ ಮದ್ದಿರಲಿಲ್ಲ. ಆಕೆ ಹೊರಗೆ ಹೋಗಿ ಮೈದುನನಿಗೆ ಫೋನ್ ಮಾಡಿದರು.

ಕೆಲಸ ಬಿಟ್ಟು ತಮ್ಮ ಹಾಗೇ ಓಡಿ ಬಂದಿದ್ದ. ಅಂಗಿಯ ತೋಳಿನ ಮೇಲೆ ಅಂಟು ಒಣಗಿತ್ತು. ಮಂಚದ ಪಕ್ಕ ನಿಂತವನು ಹೇಗಿದ್ದೀಯ ಎಂದೂ ಕೇಳಲಿಲ್ಲ.

"ಏನಣ್ಣ, ಹೊಲಿಗೆ ಸೋರಿತಂತೆ?"

ದಾರಪ್ಪನವರಿಗೆ ಸಿಟ್ಟು ನೆತ್ತಿಗೇರಿತು. "ಹೊಲಿಗೆ ಸೋರಲ್ಲ ಕಣೋ! ಸೋರೋದು ಸೂಜಿ..."

ಮಾತು ಮುಗಿಯುವ ಮೊದಲೇ ಕೆಮ್ಮು ನುಗ್ಗಿ ಬಂತು. ತಡೆಯಲು ನೋಡಿದರು, ಆಗಲಿಲ್ಲ. ಎದೆ ಬಿರಿದೇ ಹೋಯಿತೆಂದು ಕಣ್ಣು ಮುಚ್ಚಿದರು. ತಮ್ಮನೇ ದಿಂಬನ್ನು ಅವರ ಎದೆಗಿಟ್ಟು ಎರಡೂ ಅಂಗೈಯಿಂದ ಒತ್ತಿ ಹಿಡಿದ. ಚಿಕ್ಕಂದಿನಲ್ಲಿ ಅಪ್ಪನ ಅಂಗಡಿಯಲ್ಲಿ ಹೊಸದಾಗಿ ಬೈಂಡ್ ಹಾಕಿದ ಪುಸ್ತಕಗಳನ್ನು ಅಣ್ಣತಮ್ಮಂದಿರು ಹಾಗೆಯೇ ಒತ್ತಿ ಹಿಡಿಯುತ್ತಿದ್ದರು. ಕಫ ಕಿತ್ತುಕೊಂಡು ಬಂತು. ಎದೆ ಮಾತ್ರ ಇದ್ದ ಹಾಗೇ ಇತ್ತು.

"ನೋಡಿದ್ಯಾ, ಅಂಟು ಹಿಡ್ಕೊಂಡಿದೆ" ಎಂದ ತಮ್ಮ.

"ಹಿಡ್ಕೊಂಡಿರೋದು ಹೊಲಿಗೆ."

ತಮ್ಮ ನಕ್ಕು ಕೈ ಸಡಿಲಿಸಿದ. ದಾರಪ್ಪ ಗಾಬರಿಬಿದ್ದು ಅವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಕೈ ತೆಗೀಬೇಡ್ವೋ. ಇನ್ನೂ ಕೆಮ್ಮೋದಿದೆ."